ನಾಲ್ಕು ಗೂಡಿನ ಡಬ್ಬಿ

ಆಫೀಸಿನಲ್ಲಿ ಏನು ಕೆಲಸ ಮಾಡುತ್ತೀ ಎಂದು ಅವ್ವ ಕೇಳಿದಾಗಲೆಲ್ಲ ನಾನು ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಅವುಗಳಲ್ಲಿ ಅವಳಿಗೆ ಒಪ್ಪಿಗೆಯಾದದ್ದು ಒಂದೇ. ಯಂತ್ರ ಎದ್ದ ಕೂಡಲೇ ಅದಕ್ಕೆ ತನಗೆ ಎಷ್ಟು ಕೈ, ಎಷ್ಟು ಕಾಲು ಎನ್ನುವುದೇ ಗೊತ್ತಿರುವುದಿಲ್ಲ, ಅದನ್ನು ಬರೆದು ಕೊಡುವುದು ನನ್ನ ಕೆಲಸ ಎಂದಿದ್ದೆ. ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. "ಅಷ್ಟಕ್ಕ ನಿನಗ ಪಗಾರ ಕೊಡ್ತಾರಂದ್ರ ಛಲೋ ಮಂದಿನ ಇರಬೇಕು ಬಿಡು" ಅಂದಳು. ನಿಜವಾಗಿಯೂ ಒಳ್ಳೆಯ ಮಂದಿಯೇ ಇದ್ದರು.

ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಅಪ್ಪ ವಿಜಾಪುರದ ಕಡೆಯಿಂದ ಗುಮಾಸ್ತಿಕೆಗೆಂದು ಬಂದು ಇಲ್ಲಿಯವರೇ ಆದವರು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಮರಾಠಿ. ಸಿಟ್ಟು ಬಂದಾಗ ಮಾತ್ರ ಯಾವುದು ಮೊದಲು ಬಾಯಿಗೆ ಬಂತೋ ಅದು. ಸಿಟ್ಟು ನನಗೆ ಬೇಗ ಬರುತ್ತದೆ. ನನ್ನ ಕೆಲಸದ ಬಗ್ಗೆ ನನಗೆ ಆಗ ಬಹಳ ಒಳ್ಳೆಯ ಅಭಿಪ್ರಾಯವಿತ್ತು, ಈಗಲೂ ತಕ್ಕಮಟ್ಟಿಗೆ ಇದೆ. ಆದರೆ ಆ ಕೆಲಸದಲ್ಲಿ ಒಮ್ಮೆ, ಒಂದೇ ಒಂದು ಸಾಲು ಬರೆದು, ಒಬ್ಬರ ಹೊಟ್ಟೆಯ ಮೇಲೆ ಹೊಡೆದಿದ್ದೆ. ಇಲ್ಲಿ ಹೇಳಬೇಕಾದದ್ದು ಅದನ್ನೇ.

ತೊಂಬತ್ತರ ದಶಕದ ಕೊನೆಗೆ, ಡಿಪ್ಲೊಮಾ ಮುಗಿಸಿದ ಹೊಸದರಲ್ಲಿ, ಕಂಪ್ಯೂಟರ್ ಜೋಡಿಸಿ ಮಾರುವ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಮ್ಮ ಕೈಗೆ ಬರುತ್ತಿದ್ದ ಹಳೆಯ ಕಾರ್ಡುಗಳಿಗೆ ಬಾಯಿ ಇರಲಿಲ್ಲ. ಸೌಂಡ್ ಕಾರ್ಡು, ಮೋಡೆಮ್ ಕಾರ್ಡು, ಯಾವುದೇ ಇರಲಿ, ಅದರ ಮೇಲಿನ ಕಡಲೆಬೇಳೆಯಷ್ಟು ಪ್ಲಾಸ್ಟಿಕ್ ಟೋಪಿಯನ್ನು ಒಂದು ಜೋಡಿ ಲೋಹದ ಮುಳ್ಳಿನ ಮೇಲಿಂದ ಕಿತ್ತು ಇನ್ನೊಂದು ಜೋಡಿಗೆ ತೊಡಿಸಿ, ಇಂಥ ಕಾರ್ಡಿಗೆ ಇಂಥ ನಂಬರು ಎಂದು ನಾವೇ ಗೊತ್ತುಮಾಡಬೇಕಿತ್ತು. ಎರಡು ಕಾರ್ಡಿಗೆ ಒಂದೇ ನಂಬರು ಬಿದ್ದರೆ ಎರಡೂ ಮುನಿಸಿಕೊಂಡು ಕೂರುತ್ತಿದ್ದವು. ಬರಬರುತ್ತ ತಮ್ಮ ಹೆಸರನ್ನು ತಾವೇ ಹೇಳುವ ಕಾರ್ಡುಗಳು ಹೆಚ್ಚಾದವು. ಟೋಪಿ ಕೀಳುವ ಚಿಮಟ ಮೂಲೆ ಸೇರಿತು. ಈ ತಲೆನೋವು ಜನ್ಮಕ್ಕೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಎರಡು ಸಾವಿರ ದಾಟಿ ಕೆಲವು ವರ್ಷಗಳಾದ ಮೇಲೆ ಚಿಂಚವಾಡದ ಒಂದು ಸಣ್ಣ ಕಂಪನಿ ಸೇರಿದೆ. ಮೊದಲ ಮಹಡಿಯಲ್ಲಿ ಮೂರು ಕೋಣೆ, ಕೆಳಗೆ ಹಿಟ್ಟಿನ ಗಿರಣಿ. ಮಧ್ಯಾಹ್ನ ಗಿರಣಿ ಶುರುವಾದರೆ ನಮ್ಮ ಮೇಜುಗಳೆಲ್ಲ ಸಣ್ಣಗೆ ನಡುಗುತ್ತಿದ್ದವು, ಗೋದಿ ಹಿಟ್ಟಿನ ಬೆಚ್ಚಗಿನ ವಾಸನೆ ಬರುತ್ತಿತ್ತು. ನಾವು ಮಾಡುತ್ತಿದ್ದದ್ದು ಕಾರ್ಖಾನೆಯ ಯಂತ್ರಗಳಿಗೆ ಹಚ್ಚುವ ಒಂದು ಉಕ್ಕಿನ ಡಬ್ಬಿ. ಅದರೊಳಗೆ ನಾಲ್ಕು ಗೂಡು, ಗೂಡಿಗೊಂದು ಕಾರ್ಡು. ಒಂದು ಕಾರ್ಡು ಯಂತ್ರದ ಬಿಸಿಯನ್ನು ಅಳೆಯುವುದು, ಒಂದು ಅದರ ನಡುಕವನ್ನು ಅಳೆಯುವುದು, ಒಂದು ಹೊರಬಿದ್ದ ಭಾಗಗಳನ್ನು ಎಣಿಸುವುದು, ಇನ್ನೊಂದು ಇದನ್ನೆಲ್ಲ ಕೇಬಲ್ಲಿನ ಮೂಲಕ ಕಂಟ್ರೋಲ್ ರೂಮಿಗೆ ತಿಳಿಸುವುದು. ಬೇಕಾದ ಕಾರ್ಡನ್ನು ಬೇಕಾದಂತೆ ಹಾಕಿಕೊಳ್ಳಲಿ ಎಂದು ನಾಲ್ಕೂ ಗೂಡಿನ ಅಳತೆ ಒಂದೇ ಇಟ್ಟಿದ್ದರು.

ಇಂಥ ಡಬ್ಬಿಯನ್ನು ನಡೆಸುವ ಮೂಲ ಪ್ರೋಗ್ರಾಮಿಗೆ ಕರ್ನೆಲ್ ಅನ್ನುತ್ತಾರೆ. ಕರೆಂಟು ಬಂದಾಗ ಮೊದಲು ಏಳುವುದು ಅದಲ್ಲ, ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಮು. ಅದು ಕರ್ನೆಲ್ಲನ್ನು ಎಬ್ಬಿಸಿ, ಈ ಡಬ್ಬಿಯಲ್ಲಿ ಏನೇನು ಎಲ್ಲೆಲ್ಲಿದೆ ಎನ್ನುವ ಒಂದು ವಿವರಣೆಯನ್ನು ಅದರ ಕೈಗೆ ಕೊಟ್ಟು ಸರಿದುಬಿಡುತ್ತದೆ. ಬುಡದಲ್ಲಿ ಬೋರ್ಡು, ಕೊಂಬೆಯಲ್ಲಿ ಗೂಡು, ಗೂಡಿನಲ್ಲಿ ಕಾರ್ಡು, ಹೀಗೆ ಬರೆಯುವುದರಿಂದ ಆ ವಿವರಣೆಗೆ ಡಿವೈಸ್ ಟ್ರೀ ಎಂದು ಹೆಸರು. ನಾವು ಸುಮ್ಮನೆ ಮರ ಅನ್ನುತ್ತಿದ್ದೆವು. ನಮ್ಮ ಕಂಪನಿಯಲ್ಲಿ ಮರ ಬರೆಯುವವಳು ನಾನು. ಕರ್ನೆಲ್ಲು ಉಳಿದುದರಲ್ಲಿ ಎಷ್ಟೇ ಜಾಣನಿದ್ದರೂ ಈ ವಿಷಯದಲ್ಲಿ ಕೊಟ್ಟದ್ದನ್ನು ಕಣ್ಣುಮುಚ್ಚಿ ನಂಬುತ್ತದೆ. ಎರಡನೇ ಗೂಡಿನಲ್ಲಿ ನಡುಕದ ಕಾರ್ಡು ಎಂದು ಬರೆದಿದ್ದರೆ ಅದರ ಪಾಲಿಗೆ ಅಲ್ಲಿ ನಡುಕದ ಕಾರ್ಡೇ ಇದೆ. ಬಗ್ಗಿ ನೋಡುವ ಚಾಳಿ ಅದಕ್ಕಿಲ್ಲ.

ಬೋರ್ಡುಗಳ ನಕ್ಷೆ ಮಾಡುತ್ತಿದ್ದವರು ಒಬ್ಬ ಮರಾಠಿ ಹಿರಿಯರು. ನಾವೆಲ್ಲ ಅವರನ್ನು ಸರ್ ಅನ್ನುತ್ತಿದ್ದೆವು. ಅವರು ಪ್ರತಿ ಕಾರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಮೆಮೊರಿ ಚಿಪ್ಪು ಕೂರಿಸಿದ್ದರು. ಅದರಲ್ಲಿ ಕಾರ್ಡಿನ ಹೆಸರು ಬರೆದಿಟ್ಟರೆ ಬೂಟ್‌ಲೋಡರ್ ಪ್ರತಿ ಗೂಡಿಗೂ ಹೋಗಿ ನೀನು ಯಾರು ಎಂದು ಕೇಳಿ, ಉತ್ತರ ಬಂದಂತೆ ಮರ ಕಟ್ಟಬಹುದು ಎನ್ನುವುದು ಅವರ ಲೆಕ್ಕ. ಅದಕ್ಕೆ ಇನ್ನೊಂದಿಷ್ಟು ದಿನದ ಕೆಲಸ ಹಿಡಿಯುತ್ತಿತ್ತು. ನನಗೆ ಆತುರ. ಡಬ್ಬಿ ಒಮ್ಮೆ ಯಂತ್ರದ ಪಕ್ಕದ ಗೋಡೆಗೆ ಹೋದ ಮೇಲೆ ಅದರ ಕಾರ್ಡನ್ನು ಯಾರು ಮುಟ್ಟುತ್ತಾರೆ ಎಂದು ಅವರೊಡನೆ ವಾದ ಹಾಕಿದೆ. ಮೊದಲ ಗೂಡಿಗೆ ಬಿಸಿ, ಎರಡನೆಯದಕ್ಕೆ ನಡುಕ, ಮೂರನೆಯದಕ್ಕೆ ಎಣಿಕೆ, ನಾಲ್ಕನೆಯದಕ್ಕೆ ಕೇಬಲ್ಲು ಎಂದು ಒಂದೇ ಮರ ಬರೆದು ಎಲ್ಲ ಡಬ್ಬಿಗೂ ತುಂಬಿದೆ. ಕಾರ್ಡುಗಳಿಗೆ ಒಂದರಿಂದ ನಾಲ್ಕರವರೆಗೆ ಬರೆದ ಕಾಗದದ ಚೀಟಿ ಅಂಟಿಸಿದೆ. ಸರ್ ಅವರ ಚಿಪ್ಪುಗಳು ಖಾಲಿಯೇ ಉಳಿದವು. ಅವರು ಪೆನ್ಸಿಲು ಚೂಪು ಮಾಡುತ್ತ ಕುಳಿತರು.

ಮೊದಲ ಆರು ಡಬ್ಬಿ ಹೋದದ್ದು ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಗೆ. ನಾಶಿಕ ಫಾಟಾದಲ್ಲಿ ಎಸ್.ಟಿ. ಬಸ್ಸು ಹಿಡಿದು ಹದಿನೈದು ದಿನ ಅಲ್ಲಿಗೆ ಓಡಾಡಿದೆ. ಏಣಿ ಹಿಡಿಯಲು, ಕೇಬಲ್ಲು ಎಳೆಯಲು ನನ್ನ ಜೊತೆಗೆ ಒಬ್ಬರನ್ನು ಕೊಟ್ಟಿದ್ದರು; ಐವತ್ತು ದಾಟಿದವರು, ಗುತ್ತಿಗೆದಾರನ ಕೈಕೆಳಗೆ ಯಂತ್ರ ಒರೆಸುವ ಕೆಲಸದವರು. ಮೂರು ದಿನ ಅವರೊಡನೆ ಮರಾಠಿಯಲ್ಲೇ ಮಾತಾಡಿದ್ದೆ. ನಾಲ್ಕನೆಯ ದಿನ ಅವ್ವನ ಫೋನು ಬಂತು. ನಾನು ಮಾತು ಮುಗಿಸಿ ತಿರುಗಿದರೆ ಅವರು ಏಣಿ ಬಿಟ್ಟು ನನ್ನನ್ನೇ ನೋಡುತ್ತ ನಿಂತಿದ್ದರು. "ಅಕ್ಕಾರ, ನೀವು ನಮ್ಮ ಕಡೇದವ್ರೇನ್ರಿ?" ಎಂದು ಕೇಳಿದರು. ಅವರು ಶಹಾಪುರದ ಕಡೆಯವರು. ಅಂದಿನಿಂದ ನಾನು ಅವರಿಗೆ ಅಕ್ಕಾರ, ಅವರು ನನಗೆ ಕಾಕಾ. ಮಧ್ಯಾಹ್ನ ಅವರ ಡಬ್ಬಿಯ ಶೇಂಗಾ ಚಟ್ನಿ ನನ್ನ ರೊಟ್ಟಿಗೆ, ನನ್ನ ಡಬ್ಬಿಯ ಪಲ್ಯ ಅವರ ರೊಟ್ಟಿಗೆ. ಮೊದಲು ಅವರು ಕಟ್ಟಡದ ಕೆಲಸದಲ್ಲಿದ್ದು, ಪರಾಂಚಿ ಎನ್ನುವ ಬಿದಿರಿನ ಅಟ್ಟಣೆ ಹತ್ತಿಳಿದು ಮಂಡಿ ಹೋಗಿ, ಬಹಳ ಕಷ್ಟಪಟ್ಟು ಈ ನೆಲದ ಮೇಲಿನ ಕೆಲಸ ಹಿಡಿದಿದ್ದರು. ಗೇಟಿನ ಪಾಸು ಯಾವಾಗಲೂ ಅವರ ಅಂಗಿಯ ಕಿಸೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇರುತ್ತಿತ್ತು.

ಆಮೇಲೆ ದಸರೆ ಬಂತು. ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಯಂದು, ಈ ಊರಲ್ಲಿ ಪೂಜೆಯಾಗದ ಯಂತ್ರವೇ ಇಲ್ಲ. ರಿಕ್ಷಾದಿಂದ ಹಿಡಿದು ನಮ್ಮ ಕೆಳಗಿನ ಗಿರಣಿಯವರೆಗೆ ಎಲ್ಲದಕ್ಕೂ ಝೆಂಡು ಹೂವಿನ ಮಾಲೆ. ನಮ್ಮ ಆಫೀಸಿನಲ್ಲೂ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಪೇಢೆ ತಿಂದೆವು. ಇಷ್ಟೆಲ್ಲ ಕಣ್ಣೆದುರಿಗೆ ನಡೆದರೂ ಚಾಕಣದಲ್ಲಿ ನಮ್ಮ ಡಬ್ಬಿಗಳಿಗೂ ಪೂಜೆಯಾಗಬಹುದು ಎಂದು ನನಗೆ ಹೊಳೆಯಲಿಲ್ಲ. ಪೂಜೆಯೆಂದರೆ ಮೊದಲು ಬಿಚ್ಚಿ ಒರೆಸುವುದು ಎಂದಂತೂ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿರುವವಳು ನಾನು.

ದಸರೆಯ ಮರುದಿನ ಕಾರ್ಖಾನೆ ಶುರುವಾದಾಗ ಆರೂ ಡಬ್ಬಿ ಮೂಕವಾಗಿದ್ದವು. ಫೋನು ಬಂತು, ಓಡಿದೆ. ಕಾಕಾ ಗೇಟಿನಲ್ಲೇ ಸಿಕ್ಕರು. ಕೈಗೆ ಎರಡು ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರಧಂಗ ಇರೂಣ್ರಿ" ಅಂದರು. ನಾನು ಎಲೆಯನ್ನು ಲ್ಯಾಪ್‌ಟಾಪಿನ ಚೀಲಕ್ಕೆ ತುರುಕಿ ಒಳಗೆ ನಡೆದೆ. ಡಬ್ಬಿ ತೆರೆದರೆ ಒಳಗೆ ಕನ್ನಡಿಯಂತೆ ಸ್ವಚ್ಛ. ಕಾರ್ಡಿನ ಮೇಲಿನ ನನ್ನ ಚೀಟಿಗಳು ಮಾಯ. ಬಿಸಿಯ ಕಾರ್ಡು ನಾಲ್ಕನೆಯ ಗೂಡಿನಲ್ಲಿದೆ, ಕೇಬಲ್ಲಿನದು ಮೊದಲನೆಯದರಲ್ಲಿ, ಎಲ್ಲ ಉಲ್ಟಾ. ಕರ್ನೆಲ್ಲು ಪಾಪ, ನಾನು ಬರೆದದ್ದನ್ನು ನಂಬಿ ಬಿಸಿಯ ಕಾರ್ಡಿಗೆ ಕಂಟ್ರೋಲ್ ರೂಮಿನೊಡನೆ ಮಾತಾಡು ಎಂದು ಪೀಡಿಸುತ್ತಿತ್ತು. ಅರ್ಧ ಗಂಟೆಯಲ್ಲಿ ಆರೂ ಡಬ್ಬಿಯ ಕಾರ್ಡುಗಳನ್ನು ಮೊದಲಿನಂತೆ ಹಾಕಿದೆ. ಎಲ್ಲ ದೀಪ ಹತ್ತಿದವು.

ಅಲ್ಲಿಯ ಎಂಜಿನಿಯರ್ ಸಾಹೇಬರು ಒಂದು ಫಾರ್ಮು ಮುಂದಿಟ್ಟು, ಕಾರಣ ಬರೆಯಿರಿ ಎಂದರು. ಸ್ವಚ್ಛ ಮಾಡುವಾಗ ಕಾರ್ಡುಗಳನ್ನು ತಪ್ಪು ಗೂಡಿಗೆ ಹಾಕಲಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದೆ. ಸುಳ್ಳೇನೂ ಅಲ್ಲ. ಚಹಾ ಕುಡಿದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು, ಇಷ್ಟು ಬೇಗ ದೋಷ ಹಿಡಿದೆನಲ್ಲ ಎಂದು ಭೋಸರಿ ಬರುವವರೆಗೂ ಖುಷಿಯಾಗಿಯೇ ಕುಳಿತಿದ್ದೆ.

ಮುಂದಿನ ವಾರ ಮತ್ತೆ ಹೋದಾಗ ಏಣಿ ಹಿಡಿಯಲು ಬೇರೆ ಯಾರೋ ಬಂದರು. ಕಾಕಾ ಎಲ್ಲಿ ಎಂದರೆ ಅವರು ಹೆಗಲು ಕುಣಿಸಿದರು. ಮಧ್ಯಾಹ್ನ ಹೊರಗೆ ಬಂದಾಗ ಗೇಟಿನೆದುರಿನ ಚಹಾದ ಗಾಡಿಯ ಬಳಿ ಕಾಕಾ ಕಂಡರು, ಕಾಲು ಚಾಚಿ ಕಲ್ಲಿನ ಮೇಲೆ ಕುಳಿತಿದ್ದರು. ಸಾಹೇಬರು ಪಾಸು ಕಸಿದುಕೊಂಡು ನಾಲ್ಕು ದಿನವಾಗಿತ್ತಂತೆ. ಗುತ್ತಿಗೆದಾರ ಮತ್ತೆ ಕಟ್ಟಡದ ಕೆಲಸಕ್ಕೆ ಕಳಿಸುವೆನೆಂದಿದ್ದ. ಪರಾಂಚಿ ಏರುವುದು ಈ ಮಂಡಿಯಿಂದ ಆಗದು, ಆಗದೆಂದರೆ ಊರಿಗೆ ಹೋಗು ಅನ್ನುತ್ತಾನೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಕೇಳುವುದು ಕಷ್ಟವಾಯಿತು.

"ಕಾಗದದಾಗ ಏನೋ ಬರದು ಬಂದದ ಅಂತಾರ್ರಿ. ನಾ ಏನ ತಪ್ಪು ಮಾಡೀನಿ ಅಂತ ಯಾರೂ ಹೇಳವಲ್ರು" ಅಂದರು.

ಆ ಕಾಗದ ಯಾವುದೆಂದು ನನಗೆ ಗೊತ್ತಿತ್ತು. ಬರೆದವಳು ನಾನೇ ಎಂದು ಹೇಳಿದೆ. ಅವರು ಚಹಾ ಹೇಳಲೇನು ಎಂದು ಕೇಳಿದರು. ಬೈದಿದ್ದರೆ ಎಷ್ಟೋ ಪಾಲು ಹಗುರಾಗುತ್ತಿತ್ತು.

ಆ ದಿನ ಏನಾಯಿತು ಎಂದು ಆಗ ಕೇಳಿದೆ, ಮೊದಲ ಸಲ. ಅವರು ಒಂದೂ ಬಿಡದೆ ಹೇಳಿದರು. ಬಿಳಿಯ ಬಟ್ಟೆ ಹಾಸಿ, ಪ್ರತಿ ಡಬ್ಬಿಯ ಕಾರ್ಡುಗಳನ್ನು ತೆಗೆದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟಿದ್ದರು. ಎಣ್ಣೆಯ ಜಿಡ್ಡು ಹೋಗಲೆಂದು ಒರೆಸುವಾಗ ಚೀಟಿ ಕಿತ್ತು ಬಂದವು. ಕ್ರಮವಿದೆಯಲ್ಲ ಎಂದು ಅವರು ಹೆದರಲಿಲ್ಲ. ಕಾರ್ಡಿಗೆ ಕುಂಕುಮ ತಾಗಬಾರದೆಂದು ಉಕ್ಕಿನ ಡಬ್ಬಿಗೆ ಮಾತ್ರ ಹಚ್ಚಿದ್ದರು. ದೇವರ ಪಟವನ್ನು ಪೂರ್ವಕ್ಕೆ ಮುಖ ಮಾಡಿ ಇಟ್ಟಿದ್ದರಿಂದ ಆರತಿಯ ಹೊತ್ತಿಗೆ ಎಲ್ಲರೂ ಬಟ್ಟೆಯ ಆ ಕಡೆಗೆ ಹೋಗಿ ನಿಂತರು. ಆರತಿ ಮುಗಿದ ಮೇಲೆ ಕಾಕಾ ಆ ಕಡೆಯಿಂದಲೇ ಬಗ್ಗಿ, ತಮ್ಮ ಎಡದಿಂದ ಒಂದೊಂದೇ ಕಾರ್ಡು ಎತ್ತಿ ಗೂಡಿಗೆ ಹಾಕಿದರು. ಇಷ್ಟು ಹೇಳುವಾಗ ಅವರ ಎರಡೂ ಕೈ ಗಾಳಿಯಲ್ಲಿ ಕಾರ್ಡು ಎತ್ತಿ ಇಡುತ್ತಿದ್ದವು. ಎತ್ತುವ ಕೈ ನಡುವೆ ನಿಂತಿತು.

"ಹಿಂದ್ಮುಂದ ಆತಲ್ರಿ" ಅಂದರು.

ಮನೆಗೆ ಹೋಗಿ ಅವ್ವನ ಮುಂದೆ ಎಲ್ಲ ಹೇಳಿದೆ. ಅವ್ವ ಮರವನ್ನೂ ಕೇಳಲಿಲ್ಲ, ಕರ್ನೆಲ್ಲನ್ನೂ ಕೇಳಲಿಲ್ಲ. "ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿಬಂದಿ" ಅಂದು ಒಲೆಯ ಕಡೆ ತಿರುಗಿದಳು.

ಮರುದಿನ ಕಂಪನಿಯ ಮಾಲೀಕರ ಹತ್ತಿರ ಹೋಗಿ, ತಪ್ಪು ನಮ್ಮದೆಂದು ಕಾರ್ಖಾನೆಗೆ ಬರೆದು ಕೊಡುತ್ತೇನೆ ಎಂದೆ. ಅವರು ಕೆಟ್ಟವರಲ್ಲ, ಆದರೆ ಅದೇ ಕಾರ್ಖಾನೆ ಇನ್ನಷ್ಟು ಡಬ್ಬಿ ಕೇಳುವುದರಲ್ಲಿತ್ತು. ಸುಮ್ಮನೆ ಸರಿಪಡಿಸಿ ಹೊಸ ವರ್ಷನ್ ಎಂದು ಹಾಕಿ ಬಾ, ಬರೆಯುವುದೇಕೆ ಎಂದರು. ನನಗೆ ಸಿಟ್ಟು ಬಂತು, ಅದೂ ಎರಡೂ ಭಾಷೆಯಲ್ಲಿ. ಗೂಡು ಗೂಡಿಗೂ ಒಂದೇ ಅಳತೆ ಇಟ್ಟವರು ನಾವು, ಎಲ್ಲಿ ಹಾಕಿದರೂ ನಡೆಯುತ್ತದೆಂದು ಹೇಳಿ ಮಾರಿದವರು ನಾವು, ಹಾಕಿದವರ ಪಾಸು ಹೋದರೆ ಬರೆಯುವುದೇಕೆ ಅನ್ನುತ್ತೀರಾ ಎಂದು ಕೂಗಿದೆ. ಪಕ್ಕದ ಕೋಣೆಯಿಂದ ಸರ್ ಎದ್ದು ಬಂದು ಬಾಗಿಲಲ್ಲಿ ನಿಂತರು. ಚಿಪ್ಪು ಕಾರ್ಡಿನ ಮೇಲೆ ಇದ್ದೇ ಇದೆ, ತುಂಬುವುದೊಂದು ಬಾಕಿ ಎಂದರು. ಮೊದಲು ಡಬ್ಬಿ ಸರಿಯಾದದ್ದನ್ನು ಕಾರ್ಖಾನೆಯವರ ಕಣ್ಣಿಗೆ ತೋರಿಸು, ಆಮೇಲೆ ಏನು ಬೇಕಾದರೂ ಬರೆ ಎಂದು ಮಾಲೀಕರು ಕೈಚೆಲ್ಲಿದರು.

ಮುಂದಿನ ನಾಲ್ಕು ದಿನ ನನ್ನ ಜೀವನದ ಸುಖದ ದಿನಗಳಲ್ಲಿ ಸೇರಿವೆ ಎಂದರೆ ಯಾರೂ ನಂಬುವುದಿಲ್ಲ. ಮನಸ್ಸಿನಲ್ಲಿ ಕಾಕಾರ ಮಂಡಿ ಇದ್ದೇ ಇತ್ತು, ಕೈಗೆ ಮಾತ್ರ ಒಳ್ಳೆಯ ಕೆಲಸ ಸಿಕ್ಕಿತ್ತು. ಸರ್ ಪಕ್ಕದಲ್ಲಿ ಕುಳಿತು ಚಿಪ್ಪಿನ ಒಳಮನೆಯನ್ನು ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಿದ್ದರು. ನನ್ನ ಮರದಿಂದ ನಾಲ್ಕೂ ಕಾರ್ಡನ್ನು ಕಡಿದು ಹಾಕಿ, ಬರೀ ಬುಡ ಮತ್ತು ಖಾಲಿ ಕೊಂಬೆ ಉಳಿಸಿದೆ. ಬೂಟ್‌ಲೋಡರಿಗೆ ಕೇಳುವುದನ್ನು ಕಲಿಸಿದೆ. ಅದು ಪ್ರತಿ ಗೂಡಿಗೂ ಹೋಗಿ ಕಾರ್ಡಿನ ಚಿಪ್ಪನ್ನು ಓದುವುದು. ಬಿಸಿ ಎಂದು ಬಂದರೆ ಆ ಕೊಂಬೆಗೆ ಬಿಸಿಯ ಕಾರ್ಡನ್ನು ಬರೆಯುವುದು, ಉತ್ತರವೇ ಬಾರದಿದ್ದರೆ ಗೂಡು ಖಾಲಿ ಎಂದು ಬಿಡುವುದು. ಮರ ಪೂರ್ತಿಯಾದ ಮೇಲೆ ಕರ್ನೆಲ್ಲಿನ ಕೈಗೆ ಕೊಡುವುದು. ಮೂರನೆಯ ದಿನ ಕಾರ್ಡುಗಳನ್ನು ಅದಲುಬದಲು ಮಾಡಿ ಕರೆಂಟು ಕೊಟ್ಟರೆ ಡಬ್ಬಿ ಸದ್ದಿಲ್ಲದೆ ಎದ್ದು ಕುಳಿತಿತು. ಸರ್ ತಾವೇ ಕೆಳಗಿಳಿದು ವಡಾಪಾವ್ ತಂದರು.

ಕಾರ್ಖಾನೆಯ ವಾರದ ರಜೆಯ ದಿನ ಹೋಗಿ ಇಪ್ಪತ್ತನಾಲ್ಕು ಕಾರ್ಡಿಗೂ ಹೆಸರು ಬರೆದು, ಆರೂ ಡಬ್ಬಿಗೆ ಹೊಸ ಬೂಟ್‌ಲೋಡರ್ ತುಂಬಿದೆ. ಕೆಲಸ ಮುಗಿದ ಮೇಲೆ ಎಂಜಿನಿಯರ್ ಸಾಹೇಬರನ್ನು ಕರೆದೆ. ಕಾಕಾರನ್ನು ಒಂದು ಗಂಟೆಯ ಮಟ್ಟಿಗೆ ಒಳಗೆ ಬಿಡಬೇಕೆಂದು ಮೊದಲೇ ಕೇಳಿಕೊಂಡಿದ್ದೆ. ಕಾಕಾ ಬಂದರು, ಚಪ್ಪಲಿ ಹೊರಗೇ ಬಿಟ್ಟು. ಯಾವ ಕಾರ್ಡನ್ನಾದರೂ ಯಾವ ಗೂಡಿಗಾದರೂ ಹಾಕಿ ಎಂದರೆ ಅವರು ಕೈ ಹಿಂದೆ ಕಟ್ಟಿಕೊಂಡರು. ಮುಟ್ಟುವುದಿಲ್ಲ ಎಂದು ತಲೆಯಾಡಿಸಿದರು. ನಾನು ಎರಡು ಸಲ ಹೇಳಿದ ಮೇಲೆ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಒಂದೊಂದನ್ನೇ ಅಂಚಿನಲ್ಲಿ ಹಿಡಿದು ಹಾಕಿದರು. ಕರೆಂಟು ಕೊಟ್ಟೆ. ನಾಲ್ಕೂ ದೀಪ ಹತ್ತಿದವು. ಇನ್ನೊಮ್ಮೆ ಬದಲಿಸಿದರು, ಇನ್ನೊಮ್ಮೆ ಹತ್ತಿದವು. ಮೂರನೆಯ ಸಲ ಅವರು ಯಾರೂ ಹೇಳುವ ಮೊದಲೇ ತಾವಾಗಿ ಬದಲಿಸಿದರು.

ಸಾಹೇಬರಿಗೆ ಡಬ್ಬಿ ಒಪ್ಪಿಗೆಯಾಯಿತು. ಪಾಸಿನ ಮಾತು ತೆಗೆದರೆ ಮಾತ್ರ, ಫೈಲಿನಲ್ಲಿ ನಿಮ್ಮದೇ ಸಹಿಯ ಕಾಗದವಿದೆ, ಅದನ್ನು ಬಿಟ್ಟು ನಾನೇನು ಮಾಡಲಿ ಎಂದರು. ಹೊಸ ಫಾರ್ಮು ಕೊಡಿ ಎಂದೆ. ಕ್ಯಾಂಟೀನಿನ ಬೆಂಚಿನ ಮೇಲೆ ಕುಳಿತು ಬರೆದೆ. ಈ ಸಲ ಒಂದು ಸಾಲಲ್ಲ, ಪುಟ ತುಂಬ. ಡಬ್ಬಿಗೆ ತನ್ನ ಕಾರ್ಡುಗಳನ್ನು ಗುರುತಿಸುವುದು ಗೊತ್ತಿರಲಿಲ್ಲ, ಅದನ್ನು ಕಲಿಸಬೇಕಾದವಳು ಕಲಿಸಿರಲಿಲ್ಲ, ಅಂಟಿಸಿದ ಚೀಟಿ ಒರೆಸಿದರೆ ಹೋಗುವಂಥದ್ದು, ತಪ್ಪು ನಮ್ಮದು ಎಂದು ಇಂಗ್ಲಿಷಿನಲ್ಲಿ ಬರೆದೆ. ಆಮೇಲೆ ಪಕ್ಕದಲ್ಲಿ ಕುಳಿತ ಕಾಕಾರಿಗೆ ಒಂದೊಂದೇ ವಾಕ್ಯ ಕನ್ನಡದಲ್ಲಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ಎಲ್ಲಾ ಬರೋಬ್ಬರಿ ಅದರಿ. ಒಂದ ಮಾತು ಬಿಟ್ಟೀರಿ" ಅಂದರು. "ನಾ ಭಾಳ ಜ್ವಾಕಿಲೆ ಮಾಡೀನಿ ಅಂತ ಬರೀರಿ."

ಬರೆದೆ. ಪೂಜೆಯ ದಿನ ಕಾರ್ಡುಗಳನ್ನು ತೆಗೆದು ಹಾಕಿದ ಕೆಲಸಗಾರರು ಅದನ್ನು ಬಹಳ ಜೋಪಾನವಾಗಿ ಮಾಡಿದ್ದಾರೆ ಎಂದು ಸಹಿಯ ಮೇಲೆ ಒಂದು ಸಾಲು ಸೇರಿಸಿದೆ.

ಸಾಹೇಬರು ತಮ್ಮ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು ಮೇಲಿನಿಂದ ಓದುತ್ತ ಬಂದರು. ಕೊನೆಯ ಸಾಲಿಗೆ ಬಂದಾಗ ಬೆರಳಿಟ್ಟು ತಲೆಯೆತ್ತಿದರು. ಇದು ನಿಮಗೆ ಹೇಗೆ ಗೊತ್ತು, ಆ ದಿನ ನೀವು ಇಲ್ಲಿ ಇರಲಿಲ್ಲವಲ್ಲ ಎಂದು ಮರಾಠಿಯಲ್ಲಿ ಕೇಳಿದರು.

ಅವರನ್ನೇ ಕೇಳಿದೆ ಎಂದೆ.

ಸಾಹೇಬರು ಬಾಗಿಲ ಬಳಿ ನಿಂತಿದ್ದ ಕಾಕಾರ ಕಡೆ ನೋಡಿದರು, ಕಾಗದ ನೋಡಿದರು. ಆಮೇಲೆ ಮೇಜಿನ ಡ್ರಾಯರು ಎಳೆದು, ಪ್ಲಾಸ್ಟಿಕ್ ಚೀಲ ಸಮೇತ ಆ ಪಾಸನ್ನು ತೆಗೆದು, ನನ್ನ ಕೈಗೆ ಕೊಡದೆ, ತಾವೇ ಎದ್ದು ಹೋಗಿ ಅವರ ಕೈಗೆ ಕೊಟ್ಟರು.